ಶಿರಸಿಯ ಊರಂಚಿನ ವಾಸ: ಹಲವು ಮಳೆಗಾಲಗಳ ನಂತರದ ವಿಮರ್ಶೆ

ಶಿರಸಿ ಪೇಟೆ ದಾಟಿ ಹುಲೇಕಲ್ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಮನೆಗಳು ವಿರಳವಾಗುತ್ತ, ಒಂದು ಬದಿಗೆ ಅಡಿಕೆ ತೋಟ, ಇನ್ನೊಂದು ಬದಿಗೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಕಾಣಿಸಿಕೊಳ್ಳುತ್ತವೆ. ನಮ್ಮ ವಾಸ ಅಲ್ಲಿಯೇ. ಇಂಥ ಜಾಗ ತೋರಿಸುವವರು ‘ಹಸಿರು, ನೆಮ್ಮದಿ’ ಎನ್ನುವುದು ಸುಳ್ಳೇನಲ್ಲ; ಆದರೆ ಆ ಹಸಿರು ವರ್ಷವಿಡೀ ಕೆಲಸ ಬೇಡುತ್ತದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಮೊದಲಿಗೆ ಮಳೆಗಾಲದ ಮಾತು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಪೂರ್ತಿ ಬಿಡುವುದಿಲ್ಲ. ಅದಕ್ಕೆ ಮುಂಚೆಯೇ ಅಂಗಳಕ್ಕೆ ಅಡಿಕೆ ಸೋಗೆ ಹಾಸದಿದ್ದರೆ ಪಾಚಿ ಕಟ್ಟಿ ಕಾಲು ಜಾರುತ್ತದೆ; ಹಂಚಿನ ಸಂದಿಯ ದರಕು (ಒಣ ಎಲೆ) ತೆಗೆಸದಿದ್ದರೆ ನೀರು ನೇರ ಗೋಡೆಗಿಳಿಯುತ್ತದೆ. ಆಷಾಢದಲ್ಲಿ ಕಪಾಟಿನೊಳಗಿನ ಬೆಲ್ಟು, ಚೀಲಗಳಿಗೆ ಬಿಳಿ ಬೂಷ್ಟು ಹಿಡಿಯುತ್ತದೆ, ಬಚ್ಚಲೊಲೆಯ ಮೇಲೆ ಒಣಗಿಸಿದ ಅಂಗಿಗೆ ಹೊಗೆಯ ವಾಸನೆ ಅಂಟುತ್ತದೆ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಬಿಡಿಸಲು ಸುಣ್ಣದ ಡಬ್ಬಿ ಜಗುಲಿಯಲ್ಲಿಯೇ ಇರಬೇಕಾಗುತ್ತದೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಮರಳುವುದು ಮರುದಿನವೂ ಆಗಬಹುದಾದ್ದರಿಂದ, ಇನ್ವರ್ಟರ್ ಇಲ್ಲಿ ಐಷಾರಾಮದ ವಸ್ತುವಲ್ಲ. ಅದು ನಿಂತರೆ ಅಂತರ್ಜಾಲವೂ ನಿಂತಂತೆಯೇ.

ಇಷ್ಟಾದರೂ ಈ ಜಾಗ ಬಿಡುವ ಮನಸ್ಸಾಗಿಲ್ಲ. ಕಾರಣ ಕಾಡಿನ ಚೆಲುವೊಂದೇ ಅಲ್ಲ. ಕಾಡಿನ ಪಕ್ಕದಲ್ಲಿಯೇ ಸಕಲವೂ ಸಿಗುವ ಪೇಟೆಯಿರುವುದು. ಬೆಳಿಗ್ಗೆ ಹಿತ್ತಿಲ ಆಲದ ಹಣ್ಣಿಗೆ ಮಂಗಟ್ಟೆ ಹಕ್ಕಿಗಳು ರೆಕ್ಕೆಯ ಸದ್ದು ಮಾಡುತ್ತ ಬಂದಿಳಿಯುವುದನ್ನು ಚಹಾ ಕುಡಿಯುತ್ತ ನೋಡಿ, ಹತ್ತು ಗಂಟೆಗೆ ಬ್ಯಾಂಕು, ಗ್ರಂಥಾಲಯ, ದಿನಸಿ ಎಲ್ಲವನ್ನೂ ಮುಗಿಸಿ ಊಟಕ್ಕೆ ಮನೆಗೆ ಬರಬಹುದು. 1923ರಲ್ಲಿ ಆರಂಭವಾದ ತೋಟಗಾರರ ಸಹಕಾರಿ ಸಂಘ, ಅಂದರೆ ಎಲ್ಲರ ಬಾಯಲ್ಲಿ ‘ಟಿಎಸ್ಎಸ್’, ಅಡಿಕೆ ವ್ಯಾಪಾರದ ಜೊತೆಗೆ ದಿನಸಿಯನ್ನೂ ಒದಗಿಸುತ್ತದೆ. ಮಾವಿನ ಮಿಡಿಯ ಕಾಲಕ್ಕೆ ಪೇಟೆಯಲ್ಲಿ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಿಡಿ, ಅಪ್ಪೆಮಿಡಿ ಬರುತ್ತದೆ. ತೊಟ್ಟು ಮುರಿದು ಸೊನೆಯ ಪರಿಮಳ ನೋಡದೆ ಅದನ್ನು ಕೊಳ್ಳುವವರು ಇಲ್ಲಿಯವರಲ್ಲ ಎಂದೇ ಲೆಕ್ಕ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಗದ್ದಲವನ್ನು ಬೇಕೆನಿಸಿದಷ್ಟು ಅನುಭವಿಸಿ, ಸಾಕಾದಾಗ ಜೀರುಂಡೆಯ ಸದ್ದಿಗೆ ಮರಳುವ ಅನುಕೂಲ ಪೇಟೆಯ ನಡುವೆ ಇರುವವರಿಗಿಲ್ಲ.

ನೆರೆಹೊರೆಯ ಬಗ್ಗೆ ದೂರಿಲ್ಲ. ಹಲಸಿನ ಹಪ್ಪಳ ಒಣಹಾಕಿ ಹೊರಗೆ ಹೋದಾಗ ಮೋಡ ಕವಿದರೆ, ಪಕ್ಕದ ಮನೆಯ ಅತ್ತಿಗೆ ಹೇಳಿಸಿಕೊಳ್ಳದೆಯೇ ಎತ್ತಿಡುತ್ತಾರೆ. ಬಾಳೆಗೊನೆಗೆ ಮಂಗಗಳ ಕಾಟ ಮಾತ್ರ ತಪ್ಪಿದ್ದಲ್ಲ.

ನಿಜವಾದ ಕೊರತೆ ಚಿಕಿತ್ಸೆಯದು. ಸಾಮಾನ್ಯ ಕಾಯಿಲೆಗಳಿಗೆ ಊರಲ್ಲಿಯೇ ವೈದ್ಯರಿದ್ದಾರೆ. ಹೃದಯ, ಮಿದುಳಿನಂಥ ದೊಡ್ಡ ತೊಂದರೆಯಾದರೆ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಯೇ ಗತಿ. ಶಿರಸಿಗೆ ರೈಲೂ ಇಲ್ಲ. ಕೊಂಕಣ ರೈಲು ಹಿಡಿಯಬೇಕೆಂದರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ವಯಸ್ಸಾದ ತಂದೆತಾಯಿಯನ್ನು ಕರೆತರುವವರು ಇದನ್ನು ಮೊದಲೇ ತೂಗಿ ನೋಡಬೇಕು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮನೆ ನೋಡಲು ಬರುವವರು ಡಿಸೆಂಬರ್‌ನ ತಂಪಿನಲ್ಲಿ ಬಂದು ಮುಂಗಡ ಕೊಡಬೇಡಿ. ಜುಲೈನಲ್ಲಿ ಬಂದು ಗೋಡೆ ಮುಟ್ಟಿ ನೋಡಿ, ಏಪ್ರಿಲ್ ಕೊನೆಗೆ ಮತ್ತೊಮ್ಮೆ ಬಂದು ಬಾವಿಯೊಳಗೆ ಬಗ್ಗಿ ನೋಡಿ, ಆಮೇಲೆ ಬೆಲೆ ಮಾತಾಡಿ.