ನಗ್ಗರ್‌ನ ರೋರಿಕ್ ಮನೆ: ಅರ್ಧ ದಿನ ಇಟ್ಟುಕೊಂಡೇ ಹೋಗಿ

ಮನಾಲಿಗೆ ಹೋದವರಲ್ಲಿ ಜಾಸ್ತಿ ಜನ ನಗ್ಗರ್‌ನಲ್ಲಿ ಹಳೇ ಕೋಟೆ ಮುಂದೆ ಇಳಿದು, ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನಾವು ಬುಕ್ ಮಾಡಿದ್ದ ಟೂರಿನವರೂ ಚಿತ್ರಕಾರ ನಿಕೋಲಸ್ ರೋರಿಕ್ ಅವರ ಮನೆಗೆ ಇಪ್ಪತ್ತೇ ನಿಮಿಷ ಕೊಟ್ಟರು. ಅಮ್ಮನಿಗೆ ಮಂಡಿ ನೋವು. ನಿಧಾನವಾಗಿ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಕೆಳಗಿನಿಂದ ಡ್ರೈವರ್ ಫೋನ್ ಬಂತು. ಬಹಳ ಬೇಜಾರಾಯಿತು. ಮಾರನೇ ದಿನ ಬೇರೆ ಟ್ಯಾಕ್ಸಿ ಮಾಡಿಕೊಂಡು ಮತ್ತೆ ಹೋದೆವು. ಮನಾಲಿಯಿಂದ 20 ಕಿಲೋಮೀಟರ್ ಆಸುಪಾಸು, ಅಷ್ಟೇ.

ಹೋಗುವ ಮುಂಚೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಕನಕಪುರ ರಸ್ತೇಲಿ ಇದ್ದರಲ್ಲ, ಆ ದೇವಿಕಾ ರಾಣಿ ಅವರ ಮನೇನಾ ಇದು?" ಹೌದು, ಹಳೇ ಹಿಂದಿ ಸಿನಿಮಾ ನಟಿ ದೇವಿಕಾ ರಾಣಿ ಅವರ ಅತ್ತೆ ಮಾವನ ಮನೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ ರೋರಿಕ್ ಅಂದರೆ ಬೆಂಗಳೂರಿನವರಿಗೆ ಮಗ, ಅಂದರೆ ದೇವಿಕಾ ರಾಣಿಯವರ ಗಂಡ ಸ್ವೆತೋಸ್ಲಾವ್ ಗೊತ್ತು. ಅಪ್ಪ ನಿಕೋಲಸ್ ರೋರಿಕ್, 1874ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು, ಬದುಕಿನ ಕೊನೆಯ ಸುಮಾರು ಇಪ್ಪತ್ತು ವರ್ಷ ಕಳೆದದ್ದು ಇದೇ ಮನೆಯಲ್ಲಿ. ಆ ಕಾಲದಲ್ಲಿ ಅಲ್ಲಿಂದ ಇಲ್ಲಿಗೆ ಹೇಗೆ ಬಂದರು ಅಂತ ಆಶ್ಚರ್ಯ ಆಗುತ್ತೆ, ಅಲ್ವಾ? 1917ರ ಕ್ರಾಂತಿಯ ಹೊತ್ತಿಗೆ ಇಡೀ ಕುಟುಂಬ ಫಿನ್ಲೆಂಡ್ ಕಡೆ ಇತ್ತು. ಆಮೇಲೆ ಗಡಿ ಮುಚ್ಚಿತು. ಅಲ್ಲಿಂದ ಲಂಡನ್, ಅಮೆರಿಕ, 1923ರ ಕೊನೆಯಲ್ಲಿ ಭಾರತ.

ಈಗ ಮನೆ ವಿಷಯಕ್ಕೆ ಬರ್ತೀನಿ. ಕೆಳಗಿನ ಅಂತಸ್ತಿನಲ್ಲಿ ಚಿತ್ರಗಳಿವೆ, ಅಪ್ಪನದೂ ಮಗನದೂ. ಮೇಲಿನ ಕೋಣೆಗಳೊಳಗೆ ಹೋಗುವ ಹಾಗಿಲ್ಲ, ಹೊರಗಿನ ಜಗುಲಿಯಲ್ಲಿ ನಡೆಯುತ್ತಾ ಕಿಟಕಿ ಗಾಜಿನಿಂದ ನೋಡಬೇಕು. ಮೊದಲು ನನಗೆ ಇದು ಇಷ್ಟ ಆಗಲಿಲ್ಲ. ಆಮೇಲೆ ಅನ್ನಿಸಿತು, ಇದೇ ಸರಿ. ಪುಸ್ತಕ, ಮೇಜು, ಕುರ್ಚಿ ಎಲ್ಲ ಇಟ್ಟಲ್ಲೇ ಇವೆ. ಯಾರದೋ ಮನೆಯವರು ಪೇಟೆಗೆ ಹೋಗಿದ್ದಾರೆ, ನಾವು ಹೊರಗೆ ಕಾಯುತ್ತಿದ್ದೇವೆ ಅನ್ನೋ ಹಾಗಿರುತ್ತದೆ. ಅಮ್ಮ ಗಾಜಿಗೆ ಹಣೆ ಒತ್ತಿ ಒಂದೊಂದು ಕೋಣೆಯನ್ನೂ ಸಾವಕಾಶವಾಗಿ ನೋಡಿದರು. ಮನೆಯವರ ಹಳೇ ಕಾರು ಕೂಡ ಇನ್ನೂ ಅಲ್ಲೇ ಇದೆ.

ಚಿತ್ರಗಳನ್ನು ನೋಡಿ ಹೊರಗೆ ಬಂದ ಮೇಲೆ ಜಗುಲಿಯಲ್ಲಿ ಒಂದು ಗಂಟೆ ಸುಮ್ನೆ ಕೂತುಕೊಳ್ಳಿ. ನಿಕೋಲಸ್ ಅವರ ಬೆಟ್ಟಗಳು ನೀಲಿ, ನೇರಳೆ, ಒಮ್ಮೊಮ್ಮೆ ಗುಲಾಬಿ. ಪುಸ್ತಕದಲ್ಲಿ ನೋಡಿದಾಗ ಬಣ್ಣ ಜಾಸ್ತಿ ಆಯ್ತು ಅಂತ ನಾನೇ ಅಂದುಕೊಂಡಿದ್ದೆ. ಅವತ್ತು ಮೋಡ ಸರಿದು ಎದುರಿನ ಹಿಮದ ಮೇಲೆ ಬಿಸಿಲು ಬಿದ್ದು, ಕೆಳಗೆ ಬಿಯಾಸ್ ಕಣಿವೆ ಇನ್ನೂ ನೆರಳಲ್ಲೇ ಇದ್ದಾಗ ಅದೇ ನೀಲಿ ಕಣ್ಣೆದುರಿಗೇ ಇತ್ತು. ಅವರು ಒಟ್ಟು 7000ದಷ್ಟು ಚಿತ್ರ ಬರೆದರು ಅಂತಾರೆ. ಈ ಜಾಗದಲ್ಲಿ ಕೂತರೆ ಆ ಲೆಕ್ಕ ನಂಬಬಹುದು.

ಆದರೆ ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಹೆಂಡತಿ ಹೆಲೆನಾ. ನಿಕೋಲಸ್ ಅವರ ಮಧ್ಯ ಏಷ್ಯಾದ ಪ್ರಯಾಣ 1925ರಿಂದ 1928ರವರೆಗೆ ನಡೆಯಿತು, ಇವರೂ ಜೊತೆಗಿದ್ದರು. ಟಿಬೆಟ್ಟಿನ ಅಧಿಕಾರಿಗಳು ಮುಂದಕ್ಕೆ ಬಿಡದೆ ಇವರ ತಂಡವನ್ನು ಎತ್ತರದ ಬಯಲಲ್ಲಿ ತಡೆದಾಗ, ಬೇಸಿಗೆಗೆ ಅಂತ ತಂದಿದ್ದ ಗುಡಾರಗಳಲ್ಲೇ ಐದು ತಿಂಗಳ ಚಳಿಗಾಲ ಕಳೆದರು. ತಂಡದ ಜನ ಸತ್ತರು, ಕುದುರೆ ಒಂಟೆಗಳು ಸತ್ತವು. ಅದೆಲ್ಲ ದಾಟಿ ಬಂದ ಹೆಂಗಸು ಇಲ್ಲಿ ಕೂತು ಪುಸ್ತಕಗಳನ್ನು ಬರೆದರು. ದೊಡ್ಡ ಮಗ ಯೂರಿ ಟಿಬೆಟನ್ ಭಾಷೆಯ ವಿದ್ವಾಂಸ. ಮನೆಯಿಂದ ಸ್ವಲ್ಪ ಮೇಲಕ್ಕೆ ಹತ್ತಿದರೆ ಅವರು ನಡೆಸುತ್ತಿದ್ದ ಉರುಸ್ವತಿ ಸಂಶೋಧನಾ ಸಂಸ್ಥೆಯ ಕಟ್ಟಡ ಸಿಗುತ್ತದೆ. ಆ ಹೆಸರಿಗೆ ಬೆಳ್ಳಿ ಚುಕ್ಕಿಯ ಬೆಳಕು ಅಂತ ಅರ್ಥ. ಹಿಮಾಲಯದ ಔಷಧಿ ಗಿಡಗಳನ್ನು ಹುಡುಕಿ ಒಣಗಿಸಿ ಇಡುವ ಕೆಲಸ ಇಲ್ಲಿ ನಡೆಯುತ್ತಿತ್ತು. ಹತ್ತುವುದು ಕಷ್ಟ ಅನ್ನಿಸಿದರೂ ಇದನ್ನು ಬಿಡಬೇಡಿ. ಅಮ್ಮ ಕೆಳಗೇ ಕೂತರು, ನಾನು ಹೋಗಿಬಂದೆ. ಮನೆಯ ನಾಲ್ಕು ಜನವೂ ಒಂದೊಂದು ಕೆಲಸದಲ್ಲಿ ಮುಳುಗಿದ್ದರು ಅನ್ನೋದು ಇಲ್ಲಿಗೆ ಬಂದ ಮೇಲೇ ನನಗೆ ಸರಿಯಾಗಿ ಅರ್ಥವಾದದ್ದು.

1942ರಲ್ಲಿ ನೆಹರೂ ಮಗಳು ಇಂದಿರಾ ಜೊತೆ ಇಲ್ಲಿ ಬಂದು ಉಳಿದಿದ್ದರು. ದೇವಿಕಾ ರಾಣಿ ಸಿನಿಮಾ ಬಿಟ್ಟು ಸ್ವೆತೋಸ್ಲಾವ್ ಅವರನ್ನು ಮದುವೆಯಾಗಿದ್ದು 1945ರಲ್ಲಿ. ಬಾಂಬೆ ಟಾಕೀಸ್ ಅನ್ನೋ ಸಿನಿಮಾ ಕಂಪನಿ ನಡೆಸಿದ ಹೆಂಗಸು ಆಮೇಲೆ ಈ ಬೆಟ್ಟದ ಮನೆಗೆ ಸೊಸೆಯಾಗಿ ಬಂದರು ಅಂತ ಹೇಳಿದರೆ ಅಮ್ಮ ನಂಬಲೇ ಇಲ್ಲ. ಎರಡೇ ವರ್ಷಕ್ಕೆ, 1947ರ ಡಿಸೆಂಬರ್‌ನಲ್ಲಿ, ಮಾವ ತೀರಿಕೊಂಡರು.

ಮನೆಯಿಂದ ಕೆಳಗೆ ಇಳಿದರೆ ಅವರನ್ನು ದಹನ ಮಾಡಿದ ಜಾಗದಲ್ಲಿ ಒಂದು ದೊಡ್ಡ ಕಲ್ಲಿದೆ. ಭಾರತದ ಗೆಳೆಯ ಮಹರ್ಷಿ ನಿಕೋಲಸ್ ರೋರಿಕ್ ಅಂತ ಅದರಲ್ಲಿ ಕೆತ್ತಿದ್ದಾರೆ, ವಿಕ್ರಮ ಶಕೆಯ ತಾರೀಕು ಹಾಕಿದ್ದಾರೆ, ಕೊನೆಗೆ ಓಂ ರಾಮ್. ರಷ್ಯಾದಲ್ಲಿ ಹುಟ್ಟಿದವರ ಕಲ್ಲಿನ ಮೇಲೆ ಅದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ಟೂರ್ ಬಸ್ಸಿನಲ್ಲಿ ಬಂದವರು ಇಲ್ಲಿಗೆ ಇಳಿಯುವುದು ಕಡಿಮೆ. ದಯವಿಟ್ಟು ಇಳಿಯಿರಿ.

ನಿಕೋಲಸ್ ಹೋದ ಮೇಲೆ ಮನೆ ಚದುರಿತು. ಹೆಲೆನಾ, ಯೂರಿ ಕಾಲಿಂಪಾಂಗ್ ಸೇರಿದರು. ರಷ್ಯಾಕ್ಕೆ ಮರಳಬೇಕು ಅನ್ನೋ ಆಸೆ ಈಡೇರದೆ ಹೆಲೆನಾ 1955ರಲ್ಲಿ ಅಲ್ಲೇ ತೀರಿಕೊಂಡರು. ಯೂರಿ 1957ರಲ್ಲಿ ಮಾಸ್ಕೋಗೆ ಹೋದರು, ಮೂರು ವರ್ಷಕ್ಕೆ ಅವರೂ ಇಲ್ಲ. ಸ್ವೆತೋಸ್ಲಾವ್, ದೇವಿಕಾ ರಾಣಿ ನಮ್ಮೂರಿಗೆ ಬಂದರು. 1993ರಲ್ಲಿ ಸ್ವೆತೋಸ್ಲಾವ್ ತೀರಿಕೊಂಡರು, 1994ರಲ್ಲಿ ದೇವಿಕಾ ರಾಣಿ. ಇಬ್ಬರ ಸಮಾಧಿಯೂ ತಾತಗುಣಿಯಲ್ಲೇ. ಈ ದಂಪತಿಗೆ ಮಕ್ಕಳಿರಲಿಲ್ಲ, ಎಸ್ಟೇಟಿಗಾಗಿ ಕೋರ್ಟಿನಲ್ಲಿ ನಡೆದ ಜಗಳ 2011ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಎಳೆಯಿತು. ನಗ್ಗರ್ ಮನೆಯನ್ನು ಮಾತ್ರ ಸ್ವೆತೋಸ್ಲಾವ್ ತಾವು ಬದುಕಿದ್ದಾಗಲೇ ಟ್ರಸ್ಟ್ ಮಾಡಿ ಉಳಿಸಿದರು. ಅದರಿಂದಲೇ ನಾವು ಇವತ್ತು ಆ ಜಗುಲಿಯಲ್ಲಿ ಕೂರಬಹುದು.

ಹೋಗುವವರಿಗೆ ಎರಡು ಮಾತು. ರಜೆ ದಿನ, ಸಮಯ ಮೊದಲೇ ವಿಚಾರಿಸಿ. ವಯಸ್ಸಾದವರಿದ್ದರೆ ಕೈಯಲ್ಲಿ ಕೋಲು ಇರಲಿ, ಅವಸರ ಬೇಡ. ಬೆಂಗಳೂರಿನವರು ಹೊರಡುವ ಮುಂಚೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ ಅಲ್ಲಿನ ರೋರಿಕ್ ಗ್ಯಾಲರಿ ನೋಡಿ. ನಾವು ಉಲ್ಟಾ ಮಾಡಿದೆವು, ಊರಿಗೆ ಬಂದ ಮೇಲೆ ಹೋದೆವು. ಅಲ್ಲಿ ಒಂದು ನೀಲಿ ಬೆಟ್ಟದ ಚಿತ್ರದ ಮುಂದೆ ಅಮ್ಮ ನಿಂತು, "ಇದು ಆ ಜಗುಲಿ ಎದುರಿಂದೇ ಇರಬೇಕು ಕಣೋ" ಅಂದರು.