ಜೆಕ್ವೆರಿ ಜೊತೆ 12 ವರ್ಷ: ಸೀರೆ ಕಣ್ಣು ಹೊಡೆದ ಕಥೆ

ಜೆಕ್ವೆರಿ ಅಂದರೆ ವೆಬ್ ಪುಟಕ್ಕೆ ಚಲನೆ, ಕ್ಲಿಕ್ ಸುಲಭವಾಗಿ ಸೇರಿಸಲು ಇರುವ ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್, ಹೆಚ್ಚು ಹೇಳುತ್ತ ಕೂರುವುದಿಲ್ಲ. 2006ರಲ್ಲಿ ಬಂದಿದ್ದು, ಕಾಸು ಕೊಡಬೇಕಿಲ್ಲ. ದಾವಣಗೆರೆಯಲ್ಲಿ ಒಬ್ಬನೇ ಕೂತು ಅಂಗಡಿಗಳಿಗೆ ಸೈಟ್ ಮಾಡಿಕೊಡುವ ನನಗೆ ಅಷ್ಟು ಸಾಕಾಗಿತ್ತು.

ಮನಸೋತಿದ್ದು ಮಾತ್ರ ಒಂದು ಸೀರೆ ಅಂಗಡಿ ಸೈಟಿನಲ್ಲಿ. ಸೀರೆ ಮೇಲೆ ಮೌಸ್ ಬಂದರೆ ಬೆಲೆ ಚೀಟಿ ಮೆಲ್ಲಗೆ ಮೂಡಬೇಕು, ಹೋದರೆ ಮಾಯವಾಗಬೇಕು. ಮೌಸ್ ಬಂತು, ಹೋಯಿತು ಅಂತ ಕೋಡಿಗೆ ಕೂಗಿ ಹೇಳುವ ಮೌಸ್‌ಓವರ್, ಮೌಸ್‌ಔಟ್ ಹಾಕಿ ತೋರಿಸಿದೆ. ಸಾಹುಕಾರರು ನೋಡಿ, "ತಮ್ಮಾ, ಸೀರೆ ಕಣ್ಣು ಹೊಡೀತದಲ್ಲೋ!" ಅಂದರು.

ಹೊಡೆಯುತ್ತಿತ್ತು, ಸುಳ್ಳಲ್ಲ. ಪ್ರತಿ ಸೀರೆಗೂ ಇದ್ದ ಚೌಕದ ಅಂಚಿನಿಂದ ಒಳಗಿನ ಚಿತ್ರಕ್ಕೆ ಮೌಸ್ ಜಾರಿದರೂ ಚೌಕಕ್ಕೆ ಮೌಸ್‌ಔಟ್ ಬೀಳುತ್ತದೆ. ಬೆನ್ನಿಗೇ ಚಿತ್ರದ ಮೌಸ್‌ಓವರ್ ನೀರಗುಳ್ಳೆ ಹಾಗೆ ಮೇಲೇರಿ ಚೌಕವನ್ನೂ ಮುಟ್ಟುತ್ತದೆ. ಚೀಟಿ ಮಾಯ, ಮತ್ತೆ ಹಾಜರು. ಜೆಕ್ವೆರಿ ಈ ಮೂಡು-ಮಾಯಗಳನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ, ಹಾಗಾಗಿ ಮೌಸ್ ಆಚೆ ಹೋದಮೇಲೂ ಮಿಣಮಿಣ ನಿಲ್ಲಲಿಲ್ಲ.

ಎರಡು ಪದ ಬದಲಿಸಿದೆ: ಮೌಸ್‌ಎಂಟರ್, ಮೌಸ್‌ಲೀವ್. ಇವು ಗುಳ್ಳೆಯ ಹಾಗೆ ಏರುವುದಿಲ್ಲ, ಹೊಸಿಲು ದಾಟಿದಾಗ ಒಂದೇ ಸಲ ಕೂಗುತ್ತವೆ. ಮೊದಲು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಷ್ಟೇ ಇದ್ದ ಇವನ್ನು ಎಲ್ಲ ಬ್ರೌಸರ್‌ಗೂ ತಂದುಕೊಟ್ಟಿದ್ದು ಜೆಕ್ವೆರಿ. ಪ್ರತಿ ಮೂಡು-ಮಾಯಕ್ಕೂ ಮುಂಚೆ, ನಡೆಯುತ್ತಿರುವುದನ್ನು ನಿಲ್ಲಿಸುವ ಒಂದು ಸ್ಟಾಪ್ ಸೇರಿಸಿದೆ, ಸಾಲು ಕರಗಿತು. ಅವತ್ತಿನಿಂದ ಸಂಜೆ ಮಂಡಕ್ಕಿ-ಮಿರ್ಚಿ ಮುಗಿಸಿ, ಕೈಯೆಣ್ಣೆ ಪೇಪರಿಗೆ ಒರೆಸಿ, ಸೀರೆಗಳ ಮೇಲೆ ಸುಮ್ನೆ ಮೌಸ್ ಆಡಿಸುವುದೇ ಒಂದು ಚಟವಾಯಿತು.

"ಇನ್ನಷ್ಟು ತೋರಿಸು" ಒತ್ತಿದಮೇಲೆ ಬರುವ ಹೊಸ ಸೀರೆಗಳಿಗೆ ಕ್ಲಿಕ್ ಹತ್ತುತ್ತಿರಲಿಲ್ಲ. ಒಂದೊಂದಕ್ಕೂ ಕಟ್ಟುವ ಬದಲು ಇಡೀ ಪಟ್ಟಿಗೆ, ಒಳಗೆ ಯಾವ ಸೀರೆ ಒತ್ತಿದರೂ ಕೇಳಿಸಿಕೊಳ್ಳುವ ಒಂದು 'ಆನ್' ಕಟ್ಟಿದೆ, ಮುಗೀತು.

ಆಮೇಲೆ ಬೇಜಾರು ಶುರುವಾಯಿತು. ಗಿರಾಕಿಗಳು ಮೊಬೈಲ್‌ಗೆ ಹೋದರು. ಬೆರಳಿಗೆ ಸುಳಿದಾಡುವುದು ಗೊತ್ತಿಲ್ಲ, ಒತ್ತುವುದಷ್ಟೇ ಗೊತ್ತು. ಬೆಲೆ ಚೀಟಿ ಕಾಣದೆ "ರೇಟ್ ಎಷ್ಟ್ರೀ?" ಅಂತ ಅಂಗಡಿಗೆ ಫೋನ್ ಮೇಲೆ ಫೋನ್. ತಪ್ಪು ನನ್ನದೇ ಅನ್ನಿ. ಆದರೆ ಬರುವುದು, ಹೋಗುವುದು ಎರಡನ್ನೂ ಒಟ್ಟಿಗೆ ಕಟ್ಟುವ ನನ್ನ ಮೆಚ್ಚಿನ 'ಹೋವರ್' ಅನ್ನೂ ಜೆಕ್ವೆರಿ 3.3ರಲ್ಲಿ ಹಳೇದು ಅಂತ ಪಕ್ಕಕ್ಕಿಟ್ಟರು. ಈಗ ಬ್ರೌಸರ್‌ಗಳಲ್ಲೇ ಮೌಸ್‌ಎಂಟರ್ ಇದೆ, ಬೆರಳು, ಪೆನ್ನು, ಮೌಸ್ ಮೂರಕ್ಕೂ ಸೇರುವ ಪಾಯಿಂಟರ್ ಈವೆಂಟ್ ಇದೆ. ಅಷ್ಟಕ್ಕೆ 30 ಕೆಬಿಯ ಜೆಕ್ವೆರಿ ಯಾಕೆ ಹೊರಿಸಬೇಕು, ಅಲ್ವಾ?

ಹೊಸ ಕೆಲಸಕ್ಕೆ ಜೆಕ್ವೆರಿ ಹಾಕುತ್ತಿಲ್ಲ. ಮೊಬೈಲ್‌ನಲ್ಲಿ ಬೆಲೆ ಈಗ ಚಿತ್ರದ ಕೆಳಗೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ಹಳೇ ಚೀಟಿ ಹಾಗೇ ಇದೆ. ಗಲ್ಲಾ ಪಕ್ಕ ಕೂತ ಸಾಹುಕಾರರು ಮಧ್ಯಾಹ್ನ ಗಿರಾಕಿ ಇಲ್ಲದಾಗ ಅದರ ಮೇಲೆ ಮೌಸ್ ಆಡಿಸುತ್ತಾರೆ.