ಭೋಸರಿಯ ಹೆಸರಿಲ್ಲದ ಪುಟ್ಟ ಲೇಥ್: ಜರ್ಮನ್ ಅಲ್ಲ, ಆದರೂ ಕೊಳ್ಳಬಹುದು

ಪುಣೆಯ ಭೋಸರಿಯಲ್ಲಿ ಹಳೆ ಯಂತ್ರ ಮಾರುವ ಗೋದಾಮೊಂದರಲ್ಲಿ ಒಂದು ಪುಟ್ಟ ಲೇಥ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಮಾರಾಟಕ್ಕಿದೆ. ಮೈತುಂಬ ದಪ್ಪ ಹಸಿರು ಬಣ್ಣ. ಹೆಸರಿನ ಫಲಕವೂ ಇಲ್ಲ, ಬೆಲ್ಟಿನ ಮುಚ್ಚಳವೂ ಇಲ್ಲ. ಮಾರುವವರು ‘ಜರ್ಮನ್ ಮಾಲು’ ಅನ್ನುತ್ತಾರೆ, ಬೆಲೆಯನ್ನೂ ಅದೇ ಲೆಕ್ಕದಲ್ಲಿ ಹೇಳುತ್ತಾರೆ. ಚಿಂಚ್‌ವಡ, ಭೋಸರಿಯಲ್ಲಿ ಶೆಡ್ ಇಟ್ಟುಕೊಂಡಿರುವ ನಮ್ಮ ಕಡೆಯ ಕೆಲವರು ಮೋಟರಿನ ಮೇಲೆ ಕಿರ್ಲೋಸ್ಕರ್ ಎಂದು ಓದಿ, ಇದು ಹರಿಹರದ್ದೇ ಇರಬೇಕು ಅಂದುಕೊಂಡಿದ್ದಾರೆ. ಎರಡೂ ತಪ್ಪು.

ಮೋಟರಿನ ವಿಷಯ ಮೊದಲು. ಅದು ಬೆಂಗಳೂರಿನಲ್ಲಿ 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯದು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಬೇರೆ. ಅದರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇಥ್‌ಗಳು ನೆಲದ ಮೇಲೆ ನಿಲ್ಲುವ ಭಾರಿ ಯಂತ್ರಗಳು, ಬೆಂಚಿನ ಮೇಲೆ ಕೂರುವಂಥವಲ್ಲ. ಹಳೆ ಲೇಥಿನಲ್ಲಿ ಎಲ್ಲಕ್ಕಿಂತ ಮೊದಲು ಬದಲಾಗುವುದೇ ಮೋಟರು. ಹಾಗಾಗಿ ಮೂಲ ಹುಡುಕುವಾಗ ಅದರ ಫಲಕಕ್ಕೆ ಯಾವ ಬೆಲೆಯೂ ಇಲ್ಲ. ಮುಂಬೈ ಕಡೆಯಿಂದ ಬಂದ ಯಂತ್ರಗಳ ಮೇಲೆ ಬಾಟ್ಲಿಬಾಯ್‌ನಂಥ ವಿತರಕರ ಫಲಕವೂ ಸಿಗುತ್ತದೆ. ಅದು ಮಾರಿದವರ ಹೆಸರು, ಮಾಡಿದವರದಾಗಿರಬೇಕೆಂದಿಲ್ಲ. ಎರಕದಲ್ಲಿ ಉಬ್ಬಿಕೊಂಡಿರುವ ಅಂಕಿಗಳು ಸಾಮಾನ್ಯವಾಗಿ ಫೌಂಡ್ರಿಯ ಪ್ಯಾಟರ್ನ್ (ಅಚ್ಚು) ನಂಬರುಗಳು. ಸೀರಿಯಲ್ ನಂಬರನ್ನು ಪಂಚಿನಿಂದ ಹೊಡೆದಿರುತ್ತಾರೆ.

ಲೇಥಿನ ಊರು ಗೊತ್ತಾಗುವುದು ಅದರ ತ್ರೆಡ್‌ಗಳಿಂದ, ಅಂದರೆ ಸ್ಕ್ರೂ ಸುರುಳಿಗಳಿಂದ. ಬಣ್ಣ ಬದಲಿಸಬಹುದು, ಫಲಕ ಕೀಳಬಹುದು. ಸ್ಪಿಂಡಲ್ (ತಿರುಗುವ ಮುಖ್ಯ ದಂಡ) ಮೂತಿಯ ತ್ರೆಡ್ ಬದಲಿಸಲು ಮಾತ್ರ ಯಾರೂ ಕೈಹಾಕುವುದಿಲ್ಲ. ಈ ಯಂತ್ರದ ಚಕ್ (ಕೆಲಸದ ತುಂಡನ್ನು ದವಡೆಗಳಲ್ಲಿ ಕಚ್ಚಿ ಹಿಡಿಯುವ ಭಾಗ) ಬಿಚ್ಚಿದರೆ ಮೂತಿಯ ಹೊರವ್ಯಾಸ 28.5 ಮಿಮೀ ಚಿಲ್ಲರೆ, ಅಂದರೆ 1⅛ ಇಂಚು (28.575). ತ್ರೆಡ್ ಎಣಿಸುವಾಗ ಜನ ಎಡವುವುದು ಇಲ್ಲೇ. 2 ಮಿಮೀ ಪಿಚ್ (ಒಂದು ಹಲ್ಲಿನಿಂದ ಮುಂದಿನದಕ್ಕೆ ಇರುವ ದೂರ) ಗೇಜ್ ಇಟ್ಟರೆ ಮೊದಲ ಎರಡು ಮೂರು ಹಲ್ಲಿಗೆ ಕೂತಂತೆ ಕಾಣುತ್ತದೆ. ಐದು ಪಿಚ್ ಅಳೆಯಿರಿ: ಮೆಟ್ರಿಕ್ ಆಗಿದ್ದರೆ 10 ಮಿಮೀ ಬರಬೇಕು, ಇಲ್ಲಿ 10.6 ಬರುತ್ತದೆ. ಅಂದರೆ ಇಂಚಿಗೆ 12 ತ್ರೆಡ್. 55 ಡಿಗ್ರಿಯ ವಿಟ್‌ವರ್ಥ್ (ಇಂಗ್ಲೆಂಡಿನ ಹಳೆ ತ್ರೆಡ್ ಮಾದರಿ) ಗೇಜ್ ಬೆಳಕು ಬಿಡದೆ ಕೂರುತ್ತದೆ, 60 ಡಿಗ್ರಿಯದು ಕೂರುವುದಿಲ್ಲ. ಮೂತಿಯ ಹಿಂದೆ ಚಕ್ ಒರಗುವ ನುಣುಪಾದ ಭಾಗ 1¼ ಇಂಚು. ಜರ್ಮನ್ ಯಂತ್ರ ಸಾಮಾನ್ಯವಾಗಿ ಮಿಲಿಮೀಟರ್ ಲೆಕ್ಕದ್ದು, ಇದು ಇಂಚಿನದು. ಜರ್ಮನ್ ಎಂಬ ಮಾತು ಇಲ್ಲಿಗೆ ಬಿತ್ತು.

ತ್ರೆಡ್ ಕತ್ತರಿಸುವಾಗ ಟೂಲನ್ನು ಉದ್ದಕ್ಕೆ ಸಾಗಿಸುವ ಲೀಡ್‌ಸ್ಕ್ರೂ ಮೇಲೆ 20 ಪಿಚ್‌ಗೆ 63.5 ಮಿಮೀ, ಅಂದರೆ ಇಂಚಿಗೆ 8. 3 ಮಿಮೀ ಸ್ಕ್ರೂ ಆಗಿದ್ದರೆ 60 ಬರುತ್ತಿತ್ತು. ಸದಾ ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ತುದಿ) ಹತ್ತಿರವೇ ಕೆಲಸ ನಡೆಯುವುದರಿಂದ ಅಲ್ಲಿ ಸ್ಕ್ರೂ ಸವೆದಿರುತ್ತದೆ. ಅಳತೆಯನ್ನು ಅದರ ಎದುರಿನ ಟೇಲ್‌ಸ್ಟಾಕ್ ತುದಿಯಲ್ಲೇ ತೆಗೆಯಬೇಕು. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಡಯಲಿನಲ್ಲಿ 100 ಗೆರೆ, ಒಂದು ಸುತ್ತಿಗೆ ಸ್ಲೈಡ್ ಸರಿಯುವುದು 2.54 ಮಿಮೀ. ಒಂದು ಗೆರೆ ಎಂದರೆ ಒಂದು ಥೌ, ಇಂಚಿನ ಸಾವಿರದಲ್ಲೊಂದು ಭಾಗ.

ಬೇಕಾದ ಪಿಚ್‌ಗೆ ತಕ್ಕಂತೆ ಬದಲಿಸಿ ಹಾಕುವ ಬದಲಿ ಗಿಯರುಗಳನ್ನು ಮಾತ್ರ ಎಚ್ಚರದಿಂದ ನೋಡಬೇಕು. ಗಿಯರಿನ ಹಲ್ಲಿನ ಗಾತ್ರವನ್ನು ಇಂಚಿನ ಲೆಕ್ಕದಲ್ಲಿ ಡಿಪಿ, ಮಿಲಿಮೀಟರ್ ಲೆಕ್ಕದಲ್ಲಿ ಮಾಡ್ಯೂಲ್ ಎಂದು ಹೇಳುತ್ತಾರೆ. ಇಂಗ್ಲಿಷ್ ಮಾದರಿಯ 20 ಡಿಪಿ ಎಂದರೆ ಮಾಡ್ಯೂಲ್ 1.27. ಪುಣೆಯಲ್ಲಿ ಸುಲಭವಾಗಿ ಸಿಗುವುದು ಮಾಡ್ಯೂಲ್ 1.25. ಕಣ್ಣಿಗೆ ಎರಡೂ ಒಂದೇ. 40 ಹಲ್ಲಿನ ಗಿಯರನ್ನು ವರ್ನಿಯರಿನಲ್ಲಿ ಹಿಡಿದರೆ 20 ಡಿಪಿಗೆ ಹೊರವ್ಯಾಸ 53.34 ಮಿಮೀ, 1.25ಕ್ಕೆ 52.5. ಈ ಯಂತ್ರದ ಜತೆ ಕೊಡುವ ಒಂಬತ್ತು ಗಿಯರುಗಳಲ್ಲಿ ಏಳು 20 ಡಿಪಿ, ಎರಡು ಬೇರೆ ಎಲ್ಲಿಂದಲೋ ಬಂದವು. ಅವನ್ನು ಸೇರಿಸಿ ಓಡಿಸಿದರೆ ಸದ್ದು ಮಾಡುತ್ತವೆ, ಹಲ್ಲು ತಿನ್ನುತ್ತವೆ.

ಇಷ್ಟರಿಂದ ಇಂಗ್ಲಿಷ್ ಅಳತೆಯ ಯಂತ್ರ ಎಂದಾಯಿತು, ಇಂಗ್ಲೆಂಡಿನದು ಎಂದಾಗಲಿಲ್ಲ. ಭಾರತದಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ಬಟಾಲಾ, ಲುಧಿಯಾನಾ, ರಾಜ್‌ಕೋಟ್ ಕಡೆಯ ಹಳೆ ಲೇಥ್‌ಗಳಲ್ಲೂ ವಿಟ್‌ವರ್ಥ್ ಬೋಲ್ಟ್ ಸಿಗುತ್ತದೆ. ಹಾಗಾಗಿ ಒಂದೇ ಗುರುತಿಗೆ ತೃಪ್ತರಾಗದೆ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆಯೇ ನೋಡಬೇಕು. ಮೂತಿ 1½ ಇಂಚು, 8 ತ್ರೆಡ್, ಬೆಡ್ (ಎಲ್ಲ ಭಾಗಗಳೂ ಕೂರುವ ಉದ್ದನೆಯ ಹಾಸು) ಮೇಲೆ ವಿ ಆಕಾರದ ಏಣು ಇದ್ದರೆ ಅಮೆರಿಕದ ಒಂಬತ್ತಿಂಚಿನ ಸೌತ್ ಬೆಂಡ್ ಅಥವಾ ಅದನ್ನೇ ಅನುಸರಿಸಿದ ಇಂಗ್ಲೆಂಡಿನ ಬಾಕ್ಸ್‌ಫರ್ಡ್. ಚಕ್ ಮೂರು ಸ್ಟಡ್‌ಗಳಿಂದ ಫ್ಲ್ಯಾಂಜಿಗೆ ಕೂತು, ವೇಗಕ್ಕೆ ತಿರುಗಿಸುವ ಗುಂಡಿ ಇದ್ದರೆ ಚೀನಾದ ಮಿನಿ ಲೇಥ್. ಬೆಡ್ ಬದಲು ಎರಡು ದುಂಡು ಸರಳು, ಮೂತಿ ಎಂ12 ಆಗಿದ್ದರೆ ಆಸ್ಟ್ರಿಯಾದ ಯೂನಿಮ್ಯಾಟ್.

ಇಲ್ಲಿ ಬೆಡ್ ಚಪ್ಪಟೆ, ಚಕ್ಕಿನ ಕೆಳಗೆ ಗ್ಯಾಪ್ (ತಗ್ಗು) ಇದೆ, ಸೆಂಟರ್ (ಕೆಲಸದ ತುಂಡನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆ) ಎತ್ತರ ಮೂರೂವರೆ ಇಂಚು, ಎರಡು ಸೆಂಟರುಗಳ ನಡುವೆ ಸುಮಾರು 20 ಇಂಚು, ಸ್ಪಿಂಡಲಿನೊಳಗೆ 2 ನಂಬರ್ ಮೋರ್ಸ್ ಟೇಪರ್ (ಗೊತ್ತಾದ ಅಳತೆಯ ಓರೆ ತೂತು). ಸ್ಪಿಂಡಲ್ ಕೂತಿರುವುದು ಸೀಳಿದ ವೈಟ್ ಮೆಟಲ್ (ಮೆತ್ತನೆಯ ಮಿಶ್ರಲೋಹ) ಬೇರಿಂಗಿನಲ್ಲಿ. ಇವೆಲ್ಲ ಒಟ್ಟಿಗೆ ಕೂಡುವುದು ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನಲ್ಲಿ ತಯಾರಾದ ಮೈಫರ್ಡ್ ಎಂಎಲ್7ಕ್ಕೆ. ಬಣ್ಣವನ್ನು ರಿಮೂವರ್ ಹಚ್ಚಿ ತೆಗೆದರೆ ಬೆಡ್ ಮೇಲೆ ‘ಕೆ’ ಅಕ್ಷರದಿಂದ ಶುರುವಾಗುವ ಸಂಖ್ಯೆ ಕಾಣುತ್ತದೆ. ಎಂಎಲ್7ರ ಗುರುತು ಅದೇ. ಅದರ ನಂತರ ಬಂದ ಮೇಲ್ದರ್ಜೆಯ ಸೂಪರ್ 7 ಆಗಿದ್ದರೆ ‘ಎಸ್‌ಕೆ’ ಇರುತ್ತಿತ್ತು. ಎಮೆರಿ ಪೇಪರ್ ಹಾಕಿ ತಿಕ್ಕಬೇಡಿ, ತೆಳುವಾದ ಪಂಚ್ ಗುರುತು ಅಳಿಸಿಹೋಗುತ್ತದೆ.

ಟೇಲ್‌ಸ್ಟಾಕ್ ಮಾತ್ರ ಈ ಲೇಥಿನದಲ್ಲ. ಅದರ ಬ್ಯಾರೆಲ್ ಮೇಲಿನ ಗೆರೆಗಳು ಮಿಲಿಮೀಟರಿನಲ್ಲಿವೆ, ಸೆಂಟರ್ 0.3 ಮಿಮೀ ಕೆಳಗಿದೆ. ಹಾಗೇ ಬಳಸಿದರೆ ಡ್ರಿಲ್ ಅಡ್ಡಾಡಿ ತೂತು ದೊಡ್ಡದಾಗುತ್ತದೆ, ಸಣ್ಣ ಸೆಂಟರ್ ಡ್ರಿಲ್‌ನ ತುದಿ ಮುರಿಯುತ್ತದೆ. ಬುಡಕ್ಕೂ ಮೇಲಿನ ಭಾಗಕ್ಕೂ ನಡುವೆ 0.3 ಮಿಮೀ ಶಿಮ್ (ತೆಳು ತಗಡು) ಇಟ್ಟರೆ ಎತ್ತರ ಸರಿಹೋಗುತ್ತದೆ. ಬೆಲೆಯಲ್ಲಿ ಕಳೆಯಲು ಇದು ದೊಡ್ಡ ಕಾರಣ. ಮಾರುವವರಿಗೆ ಸೆಂಟರಿಗೆ ಸೆಂಟರ್ ಮುಟ್ಟಿಸಿ ತೋರಿಸಿ.

ಸ್ಪಿಂಡಲ್ ಮೇಲಿನ ದೊಡ್ಡ ಗಿಯರಾದ ಬುಲ್ ಗಿಯರಿನಲ್ಲಿ ಒಂದು ಹಲ್ಲು ಮುರಿದಿದೆ. ಈ ಮಾದರಿಯಲ್ಲಿ ಇದು ಹಳೆಯ ರೋಗ. ಚಕ್ ಬಿಗಿಯಾಗಿ ಅಂಟಿಕೊಂಡಾಗ ಬ್ಯಾಕ್ ಗಿಯರ್ (ವೇಗ ಇಳಿಸುವ ಗಿಯರ್ ಜೋಡಣೆ) ಹಾಕಿ ಸ್ಪಿಂಡಲ್ ಲಾಕ್ ಮಾಡಿ ಎಳೆಯುತ್ತಾರೆ, ಇಡೀ ಜೋರು ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ. ಬೆಲ್ಟನ್ನು ಕೈಯಲ್ಲಿ ಬಿಗಿಹಿಡಿದು, ಚಕ್ ದವಡೆಗೆ ಮರದ ತುಂಡು ಕೊಟ್ಟು ಪೆಟ್ಟು ಹಾಕಿದರೆ ಚಕ್ ಬಿಡುತ್ತದೆ. ಬ್ಯಾಕ್ ಗಿಯರ್ ಇಲ್ಲದೆ ತ್ರೆಡ್ ಕತ್ತರಿಸಲು ಬೇಕಾದ ನಿಧಾನ ಸಿಗುವುದಿಲ್ಲ, ಆದ್ದರಿಂದ ಇದರ ರಿಪೇರಿ ಮುಂದೂಡುವಂಥದ್ದಲ್ಲ.

ಬೇರಿಂಗ್ ಮೇಲು. ಚಕ್ಕಿನಲ್ಲಿ ಒಂದಡಿ ಸರಳು ಹಿಡಿಸಿ, ಮೂತಿಗೆ ಡಯಲ್ ಗೇಜ್ ಇಟ್ಟು ಎತ್ತಿದರೆ ಮುಳ್ಳು ಒಂದು ಥೌ ಆಸುಪಾಸು ಆಡುತ್ತದೆ. ಹೆಚ್ಚಾದರೆ ಕ್ಯಾಪ್ ಕೆಳಗಿನ ಪದರದ ಶಿಮ್‌ನಿಂದ ಒಂದೊಂದೇ ಪದರ ತೆಗೆದು ಸರಿಮಾಡಬಹುದು. ಆಟ ಪೂರ್ತಿ ಹೋಗಲೆಂದು ಬಿಗಿದರೆ ಎಣ್ಣೆಗೆ ಜಾಗ ಇಲ್ಲದೆ ವೈಟ್ ಮೆಟಲ್ ಕರಗುತ್ತದೆ. ಐಎಸ್‌ಒ 32ರ ತೆಳು ಎಣ್ಣೆ ಹಾಕಿ. ಇಂಜಿನ್ ಆಯಿಲ್ ಬೇಡ.

ಬೆಡ್ ಸವೆತ ನೋಡಲು ಟೂಲ್ ಹೊತ್ತು ಬೆಡ್ ಮೇಲೆ ಓಡುವ ಕ್ಯಾರೇಜಿನ ಜಿಬ್ಬನ್ನು (ಸಡಿಲ ಹೊಂದಿಸುವ ಪಟ್ಟಿ) ಚಕ್ ಹತ್ತಿರ ಸರಿಯಾಗಿ ಬಿಗಿದು ಟೇಲ್‌ಸ್ಟಾಕ್ ಕಡೆ ತಳ್ಳಿ. ಇಲ್ಲಿ ಕೊನೆಯ ನಾಲ್ಕಿಂಚಿನಲ್ಲಿ ಗಟ್ಟಿಯಾಗುತ್ತದೆ, ಆದರೆ ನಿಲ್ಲುವುದಿಲ್ಲ. ಬುಷ್, ಪಿನ್ನುಗಳಂಥ ಗಿಡ್ಡ ಕೆಲಸಕ್ಕೆ ತೊಂದರೆಯಿಲ್ಲ.

ಮೆಟ್ರಿಕ್ ತ್ರೆಡ್ ಬರುವುದಿಲ್ಲ ಎಂದು ಬಿಡಬೇಕಿಲ್ಲ. ಇಂಚಿನ ಲೀಡ್‌ಸ್ಕ್ರೂನಿಂದ ಕರಾರುವಾಕ್ಕಾದ ಮಿಲಿಮೀಟರ್ ಪಿಚ್ ಕೊಡುವ 127 ಹಲ್ಲಿನ ಗಿಯರ್ ಹುಡುಕುವ ಅಗತ್ಯವೂ ಇಲ್ಲ. 20 ಡಿಪಿಯಲ್ಲಿ 21 ಹಲ್ಲಿನದೊಂದನ್ನು ಮಾಡಿಸಿಕೊಳ್ಳಿ. 21 ಓಡಿಸಿ 50, ಅದರ ಜತೆಗಿನ 30 ಓಡಿಸಿ 40 ಇಟ್ಟರೆ ಪಿಚ್ 1.000125 ಮಿಮೀ ಬರುತ್ತದೆ. ನಟ್ಟಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಬೀಸ್ಟನ್ ಕಾರ್ಖಾನೆ 2011ರಲ್ಲಿ ಮುಚ್ಚಿದರೂ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಈಗಲೂ ಸಿಗುತ್ತವೆ. ಹೆಸರಿಲ್ಲದ ಯಂತ್ರಕ್ಕೆ ಇಲ್ಲದ ಅನುಕೂಲ ಇದು. ಟೇಲ್‌ಸ್ಟಾಕ್, ಬುಲ್ ಗಿಯರ್, ಎರಡು ಬದಲಿ ಗಿಯರ್, ಬೆಲ್ಟ್ ಮುಚ್ಚಳ ಇಷ್ಟರ ಖರ್ಚನ್ನು ಹೇಳಿದ ಬೆಲೆಯಿಂದ ಕಳೆದು ಮಾತಾಡಿ. ಒಪ್ಪಿದರೆ ತಗೊಳ್ಳಿ, ಒಳ್ಳೆಯ ಯಂತ್ರ. ಸಾಗಿಸುವ ಮೊದಲು ಚಕ್ ಕಳಚಿ ಬೇರೆ ಕಟ್ಟಿ, ಲೀಡ್‌ಸ್ಕ್ರೂಗೆ ಹಗ್ಗ ಹಾಕಿ ಎತ್ತಲು ಹಮಾಲರಿಗೆ ಬಿಡಬೇಡಿ. ಅದು ಒಮ್ಮೆ ಬಾಗಿದರೆ ಅದನ್ನು ಕಚ್ಚಿ ಹಿಡಿಯುವ ಹಾಫ್‌ನಟ್ ಮತ್ತೆ ಸಲೀಸಾಗಿ ಕೂರುವುದಿಲ್ಲ.